ಬಾಗಿಲು ತೆಗೆಸುವವಳು

ಸಂಸ್ಥೆಯ ಕಾರ್ಡಿನ ಪ್ರಕಾರ ಅವಳು ‘ಕುಟುಂಬ ಸಂಗಾತಿ’. ಕೊರಳಲ್ಲಿ ನೀಲಿ ದಾರ, ದಾರಕ್ಕೆ ಕಾರ್ಡು, ಕಾರ್ಡಿನಲ್ಲಿ ಅರ್ಧ ಕಣ್ಣು ಮುಚ್ಚಿದ ಫೋಟೊ. ಹೆಸರಿದ್ದ ಹಾಜರಿ ಪುಸ್ತಕ ಮಾತ್ರ ಕಸ ಗುಡಿಸುವವರದ್ದು. ಸಭೆ ನಡೆಯುವಾಗ ಅವಳು ಹೊರಗೆ. ಸಭೆ ಮುಗಿದ ಮೇಲೆ ಲೋಟ ಎತ್ತಲು ಒಳಗೆ. ಒಂಬತ್ತು ವರ್ಷ ಹೀಗೇ ನಡೆಯಿತು. ಸಂಗಾತಿಯಂತೆ!

ಓಣಿಯವರು ಅವಳನ್ನು ಬಾಗಿಲಕ್ಕ ಎನ್ನುತ್ತಿದ್ದರು. ಆ ಹೆಸರೇ ಸರಿ. ಅವಳ ಕೆಲಸವೇ ಬಾಗಿಲು ತೆಗೆಸುವುದು.

ಸಂಸ್ಥೆಯವರು ಮಕ್ಕಳ ಮನೆಗೇ ಹೋಗುತ್ತಿದ್ದರು. ಶಾಲೆ ಬಿಟ್ಟು ಮೂಲೆ ಸೇರಿದವರು, ಮನೆ ಬಿಟ್ಟು ಓಡುವವರು, ಜೀವವೇ ಬೇಡ ಅಂದವರು. ವಾರಕ್ಕೊಂದು ದಿನ ಆಪ್ತಸಲಹೆಯ ಮೇಡಂ ಆ ಮನೆಯಲ್ಲೇ ಕೂತು ಮಗುವಿನ ಜೊತೆ, ಹೆತ್ತವರ ಜೊತೆ ಮಾತಾಡಬೇಕು. ಮಾತಾಡಬೇಕಾದರೆ ಮೊದಲು ಬಾಗಿಲು ತೆಗೆಯಬೇಕಲ್ಲ. ಆ ಓಣಿಗಳಲ್ಲಿ ಕಾರ್ಡು ತೂಗುಹಾಕಿಕೊಂಡು ಬಂದವರಿಗೆ ಯಾರೂ ಬಾಗಿಲು ತೆಗೆಯುತ್ತಿರಲಿಲ್ಲ. ಕಾರ್ಡಿನವರು ಬಂದು ಹೋದ ಮೇಲೆ ಯಾವುದಾದರೂ ಮನೆಯಲ್ಲಿ ಏನಾದರೂ ಕಮ್ಮಿಯಾಗಿರುತ್ತಿತ್ತು. ಒಮ್ಮೆ ನೀರಿನ ಪೈಪು, ಒಮ್ಮೆ ಕರೆಂಟಿನ ತಂತಿ, ಒಂದು ಸಲವಂತೂ ಇಡೀ ಗೋಡೆ.

ಬಾಗಿಲಕ್ಕ ಬಂದರೆ ತೆಗೆಯುತ್ತಿದ್ದರು. ಅಂಗೈಯಿಂದ ಎರಡು ಸಲ, ಬೆರಳ ಗೆಣ್ಣಿನಿಂದ ಒಂದು ಸಲ ತಟ್ಟುತ್ತಿದ್ದಳು. ಆಮೇಲೆ ಕೂಗುತ್ತಿದ್ದಳು. “ನಾನು ಕಣೇ, ಬಾಗಿಲಕ್ಕ! ಒಲೆ ಮೇಲೆ ಏನಿದ್ರೂ ಇಳಿಸಿ ಬಾ, ಅವಸರ ಇಲ್ಲ.” ಒಳಗಿನವರು ಅರ್ಧ ತೆಗೆದ ಬಾಗಿಲಿಗೆ ಮೈ ಆನಿಸಿ ನಿಂತರೆ ಮೊದಲು ಹೇಳುತ್ತಿದ್ದ ಮಾತು ಒಂದೇ. “ಮಗೂನ ಕರ್ಕೊಂಡು ಹೋಗೋಕೆ ಬಂದಿಲ್ಲ. ಮನೇಲೇ ಇಟ್ಕೊಂಡು ಸರಿ ಮಾಡೋಣ ಅಂತ ಬಂದಿದೀವಿ. ಇದು ನನ್ನ ಮಾತು.” ನಲವತ್ತೊಂದು ಮನೆಗಳಲ್ಲಿ ಈ ಮಾತು ಕೊಟ್ಟಿದ್ದಳು.

ಸುಳ್ಳು ಹೇಳಿದ್ದಲ್ಲ. ನಂಬಿಯೇ ಹೇಳಿದ್ದು. ಹನ್ನೊಂದು ವರ್ಷದ ಹಿಂದೆ ಅವಳು ಆಸ್ಪತ್ರೆಯ ಬಟ್ಟೆ ಒಗೆಯುತ್ತಿದ್ದಳು. ರಕ್ತದ ಹಾಸು, ಕೀವಿನ ಹಾಸು, ಹೆಣ ಸುತ್ತಿದ ಹಾಸು. ಕಾಸ್ಟಿಕ್ ನೀರಿಗೆ ಬೆರಳುಗಳ ಚರ್ಮ ಸುಲಿದು, ಲೋಟ ಹಿಡಿದರೂ ಉರಿ. ಆಗ ಅವಳ ಮಗಳು ಮೂರು ಸಲ ಮನೆ ಬಿಟ್ಟು ಓಡಿದ್ದಳು. ಸಂಸ್ಥೆಯ ಹಳೇ ಮೇಡಂ ಬಂದರು. ನೆಲದ ಮೇಲೆ ಕೂತರು, ಕೊಟ್ಟ ಟೀ ಕುಡಿದರು, ಎರಡು ವರ್ಷ ಬಿಡದೆ ಬಂದರು. ಮಗಳು ಮನೆಯಲ್ಲೇ ಉಳಿದಳು, ಓದಿದಳು, ಈಗ ಬೇರೆ ಊರಿನ ಔಷಧಿ ಅಂಗಡಿಯಲ್ಲಿ ಬಿಳಿ ಕೋಟು ಹಾಕಿ ನಿಲ್ಲುತ್ತಾಳೆ. ಆ ಹಳೇ ಮೇಡಮ್ಮೇ ಇವಳನ್ನು ಕೆಲಸಕ್ಕೆ ಸೇರಿಸಿ, ನಿವೃತ್ತಿಯಾಗಿ ಹೋದರು. ಬಾಗಿಲಕ್ಕನ ಪಾಲಿಗೆ ಸಂಸ್ಥೆ ಅಂದರೆ ಆ ಹೆಂಗಸು. ಅವರು ಎದ್ದು ಹೋದ ಕುರ್ಚಿಯಲ್ಲಿ ಬೇರೆಯವರು ಕೂತಿದ್ದಾರೆ ಎಂಬುದು ಅವಳ ಕಣ್ಣಿಗೆ ಕಂಡಿತ್ತು, ತಲೆಗೆ ಹೋಗಿರಲಿಲ್ಲ.

ಹೊಸ ಮೇಡಂ ಕೆಟ್ಟವಳೇನಲ್ಲ. ಸಣ್ಣ ವಯಸ್ಸು, ಮೆತ್ತಗಿನ ದನಿ, ಎಲ್ಲರನ್ನೂ ನೀವು ಎಂದೇ ಕರೆಯುವವಳು. ಮನೆಗಳಲ್ಲಿ ಮಾತ್ರ ನೀರು ಮುಟ್ಟುತ್ತಿರಲಿಲ್ಲ. ಕೂರುವ ಮೊದಲು ಚಾಪೆಯನ್ನು ಒಂದು ಸಲ ನೋಡುತ್ತಿದ್ದಳು. ಬಾಗಿಲಕ್ಕ ಅದಕ್ಕೆಂದೇ ಒಂದು ಒಗೆದ ಟವೆಲು ಚೀಲದಲ್ಲಿ ಇಟ್ಟುಕೊಂಡಿರುತ್ತಿದ್ದಳು. “ಮೇಡಂಗೆ ಧೂಳು ಆಗಲ್ಲ” ಎಂದು ಮನೆಯವರ ಮುಂದೆ ತಾನೇ ಸಮಜಾಯಿಷಿ ಕೊಡುತ್ತಿದ್ದಳು. ಯಾರೋ ಮಾಡುವ ಅವಮಾನವನ್ನು ಇನ್ನಾರಿಗೋ ತಿಳಿಯದ ಹಾಗೆ ಒರೆಸಿ ಹಾಕುವುದೂ ಅವಳ ಕೆಲಸದಲ್ಲೇ ಸೇರಿತ್ತು.

ಒಂದು ದಿನ ದಾರಿಯಲ್ಲಿ ಮೇಡಂ ಕೇಳಿದ್ದಳು. “ಅಕ್ಕ, ನಾನು ತಟ್ಟಿದ್ರೆ ಯಾಕೆ ತೆಗೆಯಲ್ಲ?”

“ನೀವು ಅಧಿಕಾರಿ ಥರ ತಟ್ತೀರಿ ಮೇಡಂ. ಹೀಗೆ ತಟ್ಟಬೇಕು.” ಬಾಗಿಲಕ್ಕ ಪಕ್ಕದ ಗೋಡೆಗೇ ತಟ್ಟಿ ತೋರಿಸಿದಳು. ಮೇಡಂ ನಗುತ್ತಾ ನಾಲ್ಕು ಸಲ ತಟ್ಟಿ ಕಲಿತಳು. ಕೂಗುವುದನ್ನೂ ಅನುಕರಿಸಿದಳು. ಬಾಗಿಲಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಇನ್ನು ಬಸ್ಸು ತೊಳೆಯುವವಳ ಮನೆಯ ಮಾತು.

ಆ ತಾಯಿ ಬಸ್ ಡಿಪೋದಲ್ಲಿ ಬಸ್ಸು ತೊಳೆಯುವವಳು. ಬೆಳಿಗ್ಗೆ ಐದರಿಂದ ಒಂಬತ್ತೂವರೆಯವರೆಗೆ ಹದಿನಾಲ್ಕು ಬಸ್ಸು. ಪೈಪು ಹೆಗಲಿಗೆ, ಮೊಣಕಾಲವರೆಗೆ ನೀರು, ಸೀಟಿನ ಕೆಳಗೆ ಹೊಕ್ಕು ಜನರ ವಾಂತಿ ಕೆರೆಯುವುದು. ಗಂಡ ಇಲ್ಲ. ಒಬ್ಬಳೇ ಮಗಳು, ಹದಿನಾಲ್ಕು ವರ್ಷ. ಮನೆಯಲ್ಲಿ ಅವಳನ್ನು ಬೆಕ್ಕು ಎನ್ನುತ್ತಿದ್ದರು. ಸಿಟ್ಟು ಬಂದರೆ ಮಂಚದ ಕೆಳಗೆ ಸೇರಿಕೊಳ್ಳುತ್ತಿದ್ದಳು, ಎಳೆಯಲು ಹೋದರೆ ಪರಚುತ್ತಿದ್ದಳು.

ಶಾಲೆಯಲ್ಲಿ ಬೆಕ್ಕಿನ ಪಕ್ಕ ಯಾರೂ ಕೂರುತ್ತಿರಲಿಲ್ಲ. ಡೀಸೆಲ್ ವಾಸನೆ, ಫಿನಾಯಿಲ್ ವಾಸನೆ. ಒಂದು ದಿನ ಮೇಷ್ಟ್ರೇ ಅವಳ ಬೆಂಚನ್ನು ಎತ್ತಿಸಿ ಬಾಗಿಲ ಹೊರಗೆ ಇಡಿಸಿದರು. ಗಾಳಿ ಆಡಲಿ ಅಂದರಂತೆ. ತರಗತಿ ಪೂರಾ ನಕ್ಕಿತು. ಮನೆಗೆ ಬಂದ ಹುಡುಗಿ ಅಮ್ಮ ಡಿಪೋದಿಂದ ತಂದಿಟ್ಟಿದ್ದ ಬಾಟಲಿ ಎತ್ತಿ ಕುಡಿದಳು. ಆಸ್ಪತ್ರೆಯವರು ಉಳಿಸಿದರು, ಸಂಸ್ಥೆಗೆ ಬರೆದರು.

ಮೊದಲ ಆರು ವಾರ ಬೆಕ್ಕು ಮಂಚದ ಕೆಳಗಿಂದ ಹೊರಗೆ ಬರಲಿಲ್ಲ. ಮೇಡಂ ಟವೆಲಿನ ಮೇಲೆ ಕೂತು ಮೆತ್ತಗೆ ಪ್ರಶ್ನೆ ಕೇಳುವಳು, ಮಂಚ ಉತ್ತರ ಕೊಡುತ್ತಿರಲಿಲ್ಲ. ಏಳನೆಯ ವಾರ ಬಾಗಿಲಕ್ಕ ತಾನೂ ಮಂಚದ ಕೆಳಗೆ ನುಗ್ಗಲು ಹೋಗಿ ಸೊಂಟದ ಹತ್ತಿರ ಸಿಕ್ಕಿಹಾಕಿಕೊಂಡಳು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ.

“ಅಯ್ಯೋ, ನಾನು ಇಲ್ಲೇ ಸತ್ತೆ ಕಣೇ! ನಿಮ್ಮಮ್ಮ ಬಂದು ಮಂಚದ ಕೆಳಗೆ ಇದ್ಯಾವ ಎಮ್ಮೆ ಅಂತ ಕೇಳಿದ್ರೆ ಏನ್ ಹೇಳ್ತೀಯ?”

ಹುಡುಗಿ ನಕ್ಕಳು. ಹೊರಗೆ ಬಂದು ಕಾಲು ಹಿಡಿದು ಎಳೆದಳು. ಅವತ್ತಿನಿಂದ ಅಮ್ಮ ಇಲ್ಲದ ಹೊತ್ತಿನಲ್ಲಿ ಚಿಲಕ ಹಾಕಿಕೊಂಡು ಕೂರುವ ಬೆಕ್ಕು ಒಬ್ಬಳಿಗೇ ಬಾಗಿಲು ತೆಗೆಯುತ್ತಿದ್ದಳು. ಅದು ಬಾಗಿಲಕ್ಕನಿಗೆ. ಫೈಲಿನಲ್ಲಿ ಮೇಡಂ ಬರೆದುಕೊಂಡಳು: ‘ಮಗು ಸ್ಪಂದಿಸುತ್ತಿದೆ.’

ಅಪಾಯದ ಸಾಮಾನುಗಳನ್ನೆಲ್ಲ ಬೀಗದಲ್ಲಿಡಬೇಕು ಎಂಬುದು ಸಂಸ್ಥೆಯ ನಿಯಮ. ಮಾತ್ರೆ, ಬ್ಲೇಡು, ಸೀಮೆಎಣ್ಣೆ, ಡಿಪೋದ ಬಾಟಲಿಗಳು. ಸ್ಟೋರ್ ರೂಮಿನಲ್ಲಿ ಅದಕ್ಕೆಂದೇ ಒಂದು ಡಬ್ಬದ ತುಂಬ ಹಿತ್ತಾಳೆ ಬಣ್ಣದ ಬೀಗಗಳಿದ್ದವು. ಬಾಗಿಲಕ್ಕ ಒಂದನ್ನು ತಂದುಕೊಟ್ಟಳು. ಬೀಗ ಬಂತು, ಹಾಕುವುದು ಎಲ್ಲಿಗೆ? ಆ ಮನೆಯಲ್ಲಿ ಬೀರು ಇಲ್ಲ, ಪೆಟ್ಟಿಗೆ ಇಲ್ಲ. ಬಟ್ಟೆಗಳು ಹಗ್ಗದ ಮೇಲೆ, ಪಾತ್ರೆಗಳು ಕಿಟಕಿಯಲ್ಲಿ. ಬಾಗಿಲಿರುವ ಜಾಗ ಎಂದರೆ ಹಿತ್ತಿಲ ಕಡೆಯ ಬಚ್ಚಲು ಒಂದೇ, ಅದಕ್ಕೊಂದು ತಗಡಿನ ಕದ.

“ಬಚ್ಚಲಲ್ಲೇ ಇಟ್ಟು ಬೀಗ ಹಾಕು. ನೀನು ಬಂದ ಮೇಲೆ ತೆಗೆದು ಅವಳಿಗೆ ಸ್ನಾನ ಮಾಡ್ಸು” ಎಂದಳು ಬಾಗಿಲಕ್ಕ. ಶೌಚಕ್ಕೆ ಹೇಗೂ ಓಣಿಯವರೆಲ್ಲ ಹೋಗುವ ಸಾಲು ಕಕ್ಕಸು ಇತ್ತು.

“ಸೂಪರ್ ಐಡಿಯಾ ಅಕ್ಕ!” ಎಂದಳು ಮೇಡಂ. ಬೀಗ ಹಾಕಿದ ಬಚ್ಚಲಿನ ಫೋಟೊವನ್ನು ಮೊಬೈಲಿನಲ್ಲಿ ತೆಗೆದಳು. ನಿಯಮ ಪಾಲಿಸಿದ್ದಕ್ಕೆ ಸಾಕ್ಷಿ ಬೇಕಲ್ಲ. ಮೂವರೂ ಖುಷಿಯಾಗಿದ್ದರು.

ಒಂದೂವರೆ ವರ್ಷ ಕಳೆಯಿತು. ಬೆಕ್ಕು ಈಗ ಸಂಜೆ ಹೊತ್ತು ಹೊರಗೆ ಬರುತ್ತಿದ್ದಳು. ಅಕ್ಕಪಕ್ಕದ ಇಬ್ಬರು ಚಿಕ್ಕ ಹುಡುಗಿಯರಿಗೆ ಲೆಕ್ಕ ಹೇಳಿಕೊಡುತ್ತಿದ್ದಳು, ಮೇಷ್ಟ್ರಂತೆ ಬೈಯುತ್ತಲೂ ಇದ್ದಳು. ಬರುವ ವರ್ಷ ಬೇರೆ ಶಾಲೆಗೆ ಸೇರಿಸೋಣ ಎಂದು ಅಮ್ಮ ಹೇಳಿದಾಗ ಆಗಲ್ಲ ಅನ್ನಲಿಲ್ಲ. ಯೋಚ್ನೆ ಮಾಡ್ತೀನಿ ಅಂದಳು.

ಆಗಲೇ ಸಂಸ್ಥೆ ಹೊಸ ಕಟ್ಟಡ ಕಟ್ಟಿಸಿತು. ಮಕ್ಕಳನ್ನು ಇಟ್ಟುಕೊಳ್ಳುವ ಮನೆ, ಮೂವತ್ತು ಹಾಸಿಗೆ. ಲಾರಿಯಿಂದ ಎರಡನೆಯ ಮಹಡಿಗೆ ಆ ಹಾಸಿಗೆಗಳನ್ನು ಹೊತ್ತವರಲ್ಲಿ ಬಾಗಿಲಕ್ಕನೂ ಒಬ್ಬಳು. ಕುಟುಂಬ ಸಂಗಾತಿ ಅಂತ ಕಾರ್ಡಿದ್ದರೂ ಬೆನ್ನು ಬೆನ್ನೇ ತಾನೇ. ಹಾಸು ಹಾಸಿದವಳೂ ಅವಳೇ. “ಇದು ಯಾವ ಮಕ್ಕಳಿಗೆ ಸರ್?” ಎಂದು ಸಂಸ್ಥೆಯ ದೊಡ್ಡ ಸಾಹೇಬರನ್ನು ಕೇಳಿದ್ದಳು. “ಯಾರೂ ಇಲ್ಲದವರಿಗಮ್ಮ” ಎಂದಿದ್ದರು. ಒಳ್ಳೇದಾಯ್ತು ಎಂದುಕೊಂಡು ಮೂಲೆ ಮಡಿಚಿ ನೀಟಾಗಿ ಹಾಸಿದ್ದಳು.

ಯಾರೂ ಇಲ್ಲದವರು ಹನ್ನೊಂದೇ ಮಂದಿ ಸಿಕ್ಕರು. ತಿಂಗಳ ಕೊನೆಗೆ ಮೇಲಿನವರು ನೋಡಲು ಬರುವವರಿದ್ದರು. ಹಾಸಿಗೆ ಖಾಲಿ ಇದ್ದರೆ ಕಟ್ಟಡ ಯಾಕೆ ಬೇಕಿತ್ತು ಎನ್ನುತ್ತಾರೆ. ಲೋಟ ಎತ್ತಲು ಹೋದಾಗ ಇದಿಷ್ಟು ಅವಳ ಕಿವಿಗೆ ಬಿದ್ದಿತ್ತು. ಆದರೆ ತಾಯಿ ಇರುವ ಮಕ್ಕಳಿಗೂ ಇದಕ್ಕೂ ಏನು ಸಂಬಂಧ ಎಂದುಕೊಂಡು ಲೋಟ ತೊಳೆದಿಟ್ಟಿದ್ದಳು. ತಪ್ಪು ಅಲ್ಲೇ ಆಯಿತು.

ಒಂದು ಬೆಳಿಗ್ಗೆ ಎಂಟು ಗಂಟೆಗೆ ಫೋನು ಮಾಡಿ ಕರೆಸಿದರು. ದೊಡ್ಡ ಸಾಹೇಬರ ಕೋಣೆಯಲ್ಲಿ ಮೇಡಂ ಕೂತಿದ್ದಳು.

“ಬಾಮ್ಮ, ಕೂತ್ಕೋ” ಎಂದರು ಸಾಹೇಬರು.

ಒಂಬತ್ತು ವರ್ಷದಲ್ಲಿ ಮೊದಲ ಸಲ ಆ ಕೋಣೆಯಲ್ಲಿ ಅವಳಿಗೆ ಕುರ್ಚಿ. ಅವಳು ತುದಿಯಲ್ಲಿ ಕೂತಳು. ಕಿಟಕಿಯ ಕೆಳಗೆ ವ್ಯಾನು ಸ್ಟಾರ್ಟ್ ಆಗಿಯೇ ನಿಂತಿತ್ತು.

ಸಾಹೇಬರು ಒಂದು ಹಾಳೆ ಮುಂದಿಟ್ಟು ಪೆನ್ನು ಕೊಟ್ಟರು. “ಇಲ್ಲಿ ಸಹಿ ಮಾಡು. ಆ ಓಣಿಯವಳು ನೀನು, ಸಾಕ್ಷಿಗೆ ಚೆನ್ನಾಗಿರುತ್ತೆ.”

ಬಾಗಿಲಕ್ಕ ಓದದೆ ಸಹಿ ಹಾಕುವವಳಲ್ಲ. ನಿಧಾನಕ್ಕೆ ಅಕ್ಷರ ಕೂಡಿಸಿ ಓದಿದಳು. ‘ತಾಯಿ ದಿನವೂ ನಾಲ್ಕೂವರೆ ಗಂಟೆ ಮಗುವನ್ನು ಒಂಟಿಯಾಗಿ ಬಿಡುತ್ತಾಳೆ. ಬಚ್ಚಲಿಗೆ ಬೀಗ ಹಾಕಿ ಮಗುವಿಗೆ ಸ್ನಾನ, ಶೌಚ ನಿರಾಕರಿಸುತ್ತಾಳೆ. ಮಗುವನ್ನು ಕೂಡಲೇ ಮನೆಯಿಂದ ಸ್ಥಳಾಂತರಿಸುವುದು ಅಗತ್ಯ.’ ಕೆಳಗೆ ಫೋಟೊ. ತಗಡಿನ ಕದ, ಹಿತ್ತಾಳೆ ಬಣ್ಣದ ಬೀಗ. ಮೂಲೆಯಲ್ಲಿ ಅವಳದೇ ಸೀರೆಯ ಸೆರಗು.

ಅವಳು ಫೋಟೊದ ಮೇಲೆ ಬೆರಳಿಟ್ಟಳು.

“ಇದು ನಾವು ಕೊಟ್ಟ ಬೀಗ ಸರ್.”

“ಬಾಟ್ಲಿ ಇಡೋಕೆ ಕೊಟ್ವಿ. ಬಚ್ಚಲಿಗೆ ಹಾಕು ಅಂತ ಕೊಟ್ವಾ?”

“ಬಚ್ಚಲಿಗೆ ಹಾಕು ಅಂದಿದ್ದು ನಾನು. ಆ ಮನೇಲಿ ಬಾಗಿಲು ಇರೋ ಜಾಗ ಅದೊಂದೇ. ಮೇಡಂ ಎದುರಿಗೇ ಹೇಳಿದ್ದು.”

“ಹಾಗಂತ ಫೈಲಲ್ಲಿ ಇಲ್ವಲ್ಲ.”

ಬಾಗಿಲಕ್ಕ ಮೇಡಂ ಕಡೆಗೆ ತಿರುಗಿದಳು. “ಮೇಡಂ, ನೀವೇ ಹೇಳಿ. ಸೂಪರ್ ಐಡಿಯಾ ಅಂದ್ರಲ್ಲ. ಈ ಫೋಟೊ ತೆಗೆದಿದ್ದು ನೀವಲ್ವಾ?”

ಮೇಡಂ ತನ್ನ ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು. “ಆಗಿನ ಪರಿಸ್ಥಿತಿ ಬೇರೆ ಇತ್ತು ಅಕ್ಕ. ಅಲ್ಲಿ ಮಗುಗೆ ಒಳ್ಳೆ ಸೌಲಭ್ಯ ಇದೆ. ನೀವು ಭಾವುಕರಾಗಬೇಡಿ.”

“ಹದಿನೆಂಟು ತಿಂಗಳು ಆಗಿದೆ ಮೇಡಂ ಅವಳು ಮಂಚದ ಕೆಳಗಿಂದ ಎದ್ದು. ಹೊರಗೆ ಎಳ್ಕೊಂಡು ಹೋದ್ರೆ ಮತ್ತೆ ಏಳಲ್ಲ. ನಿಮಗೂ ಗೊತ್ತು.”

ಮೇಡಂ ಮತ್ತೆ ಪೆನ್ನಿನ ಮುಚ್ಚಳ ತೆಗೆದಳು. ಗೊತ್ತಿತ್ತು ಎಂಬುದು ಮುಖದಲ್ಲೇ ಕಾಣುತ್ತಿತ್ತು. ಗೊತ್ತಿಲ್ಲದವರು ಮಾಡುವ ಅನ್ಯಾಯವನ್ನು ಹೇಗೋ ನುಂಗಬಹುದು. ಇದು ಹಾಗಿರಲಿಲ್ಲ.

ಸಾಹೇಬರು ಗಡಿಯಾರ ನೋಡಿದರು. “ತಾಯಿ ಬರೋದು ಒಂಬತ್ತೂವರೆ ಮೇಲೆ. ಅಷ್ಟರೊಳಗೆ ಆದ್ರೆ ಗಲಾಟೆ ಇರಲ್ಲ. ಆ ಹುಡುಗಿ ನಿನಗೆ ಬಿಟ್ರೆ ಯಾರಿಗೂ ತೆಗೆಯಲ್ಲ ಅಂತ ಫೈಲಲ್ಲಿದೆ. ಸಹಿ ಮಾಡಿ ಗಾಡಿ ಹತ್ತು.”

ತಾಯಿ ಎಷ್ಟು ಹೊತ್ತಿಗೆ ಹೋಗುತ್ತಾಳೆ, ಎಷ್ಟು ಹೊತ್ತಿಗೆ ಬರುತ್ತಾಳೆ ಎಂದು ಬಂದು ಹೇಳಿದ್ದೂ ಬಾಗಿಲಕ್ಕನೇ. ಮೇಡಂಗೆ ಹೊತ್ತು ಹೊಂದಿಸಲಿ ಎಂದು ಹೇಳಿದ್ದು. ಒಂಬತ್ತು ವರ್ಷದಿಂದ ಮನೆಮನೆಯಿಂದ ತಂದು ಸುರಿದದ್ದೆಲ್ಲ ಇವರ ಕೈಯಲ್ಲಿ ಏನಾಗಿದೆ ಎಂದು ಆಗ ಹೊಳೆಯಿತು. ಅವಳು ಪೆನ್ನನ್ನು ಮೇಜಿನ ಮೇಲೆ ಇಟ್ಟಳು.

“ಹಾಕಲ್ಲ.”

“ಏನಂದೆ?”

“ಸಹಿ ಹಾಕಲ್ಲ. ಗಾಡೀನೂ ಹತ್ತಲ್ಲ. ಆ ಮನೆ ಬಾಗಿಲಲ್ಲಿ ನಿಂತು ಮಾತು ಕೊಟ್ಟಿದ್ದು ನಾನು, ನೀವಲ್ಲ.”

“ನಾಳೆಯಿಂದ ಕೆಲ್ಸಕ್ಕೆ ಬರ್ಬೇಡ ಹಂಗಾದ್ರೆ.”

“ಇವತ್ತೇ ಬರ್ಬಾರ್ದಿತ್ತು” ಎಂದು ಎದ್ದಳು. ಅವಳು ಮೆಟ್ಟಿಲಿಳಿಯುವಷ್ಟರಲ್ಲಿ ಮೇಡಂ ಪಕ್ಕದಲ್ಲೇ ಸರಸರ ಇಳಿದು ಹೋದಳು. ವ್ಯಾನು ಹೊರಟಿತು.

ಬಾಗಿಲಕ್ಕ ಓಡಿದಳು. ಐವತ್ತು ಮುಟ್ಟಿದ ಮೈ, ಹಾಸಿಗೆ ಹೊತ್ತ ಸೊಂಟ. ಓಡುತ್ತಲೇ ತಾಯಿಗೆ ಫೋನು ಮಾಡಿದಳು. ರಿಂಗಾಯಿತು, ರಿಂಗಾಯಿತು, ನಿಂತಿತು. ಪೈಪು ಹಿಡಿದ ಕೈಗೆ ಫೋನು ಕೇಳಿಸುವುದೆಲ್ಲಿ? ಹುಡುಗಿಯ ಹತ್ತಿರ ಫೋನಿರಲಿಲ್ಲ. ಅದು ಬೇಡ ಎಂದು ಸಂಸ್ಥೆಯೇ ಹೇಳಿತ್ತು. ವ್ಯಾನಿಗೆ ದೊಡ್ಡ ರಸ್ತೆ ಸುತ್ತಬೇಕು, ಸಿಗ್ನಲ್ಲಿದೆ. ಅವಳು ಮೀನು ಮಾರ್ಕೆಟ್ಟಿನ ಹಿಂದಿನ ಮೋರಿ ಹಾರಿದಳು. ಚಪ್ಪಲಿ ಕಿತ್ತುಹೋಯಿತು, ಬಿಟ್ಟಳು.

ಓಣಿ ತಿರುಗಿದಾಗ ಆ ಮನೆಯ ಮುಂದೆ ನಾಲ್ಕು ಜನ. ಡ್ರೈವರು, ಖಾಕಿ ಹಾಕಿದ ಇಬ್ಬರು ಹೆಂಗಸರು, ಮೇಡಂ. ಬಾಗಿಲು ಮುಚ್ಚಿಯೇ ಇತ್ತು. ಒಬ್ಬ ಖಾಕಿ ಹೆಂಗಸು ದಬದಬ ಬಡಿದು ಸೋತು ಪಕ್ಕಕ್ಕೆ ಸರಿದಳು.

ಆಗ ಮೇಡಂ ಮುಂದೆ ಬಂದಳು. ಅಂಗೈಯಿಂದ ಎರಡು ಸಲ ತಟ್ಟಿದಳು. ಬೆರಳ ಗೆಣ್ಣಿನಿಂದ ಒಂದು ಸಲ.

“ನಾನು ಕಣೇ, ಬಾಗಿಲಕ್ಕ! ಒಲೆ ಮೇಲೆ ಏನಿದ್ರೂ ಇಳಿಸಿ ಬಾ, ಅವಸರ ಇಲ್ಲ.”

ದನಿ ದಪ್ಪ ಮಾಡಿಕೊಂಡಿದ್ದಳು. ಎಳೆಯುವ ಕಡೆ ಎಳೆದಿದ್ದಳು. ಬಾಗಿಲಕ್ಕನಿಗೆ ತನ್ನ ದನಿಯೇ ದೂರದಿಂದ ಕೇಳಿಸಿ ಒಂದು ಕ್ಷಣ ಕಾಲು ನಿಂತವು. ಆಮೇಲೆ ಚೀರಿದಳು. “ತೆಗೀಬೇಡ್ವೇ! ತೆಗೀಬೇಡ!”

ಚಿಲಕ ಸರಿದಾಗಿತ್ತು.

ಬೆಕ್ಕು ಕೈಯಲ್ಲಿ ಸೌಟು ಹಿಡಿದು ನಗುತ್ತಾ ಬಾಗಿಲು ತೆಗೆದಿದ್ದಳು. ನಗು ಅಲ್ಲೇ ಕೆಟ್ಟಿತು. ಖಾಕಿ ಹೆಂಗಸರು ಎರಡೂ ರಟ್ಟೆ ಹಿಡಿದರು. ಬಾಗಿಲಕ್ಕ ಬಂದು ಬಾಗಿಲಿಗೆ ಅಡ್ಡ ನಿಂತಳು, ಎರಡೂ ಕೈ ಚೌಕಟ್ಟಿಗೆ ಚಾಚಿದಳು. ಡ್ರೈವರು ಅವಳ ಕೊರಳ ದಾರಕ್ಕೆ ಕೈ ಹಾಕಿ ಜಗ್ಗಿದ. ದಾರ ಕತ್ತನ್ನು ಕೊಯ್ದು ಹರಿಯಿತು. ಅವಳು ಮಂಡಿಯೂರಿ ಬಿದ್ದಳು. ಇದೇ ಡ್ರೈವರಿಗೆ ಒಂಬತ್ತು ವರ್ಷ ದಿನಕ್ಕೆರಡು ಸಲ ಟೀ ಕೊಟ್ಟಿದ್ದಳು.

“ನೀನಾ ಅಕ್ಕ ಕರೆದಿದ್ದು?” ಹುಡುಗಿ ಕೇಳಿದಳು.

“ನಾನಲ್ಲ ಕಣೇ. ಅವಳು, ಅವಳು ಕೂಗಿದ್ದು. ನಾನಲ್ಲ.”

ಹುಡುಗಿ ಮೇಡಂ ಕಡೆ ನೋಡಿದಳು, ನೆಲದಲ್ಲಿ ಬಿದ್ದವಳನ್ನು ನೋಡಿದಳು. ಇಬ್ಬರೂ ಒಂದೇ ಕಡೆಯಿಂದ ಬಂದವರು. ಪ್ರತಿ ವಾರ ಜೊತೆಯಲ್ಲೇ ಬಂದವರು. ಅವಳು ಪರಚಲಿಲ್ಲ. ಪರಚಿದ್ದರೆ ಬಾಗಿಲಕ್ಕನಿಗೆ ಸ್ವಲ್ಪ ಧೈರ್ಯ ಬರುತ್ತಿತ್ತು. ಕೈಕಾಲು ಸಡಿಲ ಬಿಟ್ಟು, ಎತ್ತಿದ ಕಡೆ ಎತ್ತಿಸಿಕೊಂಡು ವ್ಯಾನಿನೊಳಗೆ ಹೋದಳು. ಸೌಟು ಹೊಸ್ತಿಲ ಹತ್ತಿರ ಬಿದ್ದಿತ್ತು.

ಮೇಡಂ ಒಂದು ಕಾಗದವನ್ನು ಚೌಕಟ್ಟಿಗೆ ಸಿಕ್ಕಿಸಿದಳು. ಹದಿನಾರನೆಯ ದಿನ ಅಧಿಕಾರಿಗಳ ಮುಂದೆ ವಿಚಾರಣೆ, ತಾಯಿ ಹಾಜರಾಗಬೇಕು.

“ಅಕ್ಕ, ನನಗೂ ಬೇಜಾರಿದೆ” ಎಂದಳು.

“ಥೂ” ಎಂದಳು ಬಾಗಿಲಕ್ಕ. ಅಷ್ಟೇ ಬಂತು.

ತಾಯಿ ಬಂದಾಗ ಒಂಬತ್ತೂ ಮುಕ್ಕಾಲು. ಸೀರೆ ಮೊಣಕಾಲವರೆಗೆ ಒದ್ದೆ, ಕೈಯಲ್ಲಿ ಬ್ರೆಡ್ಡಿನ ಪೊಟ್ಟಣ. ಓಣಿಯ ಹೆಂಗಸರು ದೂರದಲ್ಲಿ ನಿಂತಿದ್ದರು. ಹೊಸ್ತಿಲಲ್ಲಿ ಬಾಗಿಲಕ್ಕ ಕೂತಿದ್ದಳು. ಎಲ್ಲವನ್ನೂ ಹೇಳಿದಳು. ಬೀಗ, ಫೋಟೊ, ಹಾಸಿಗೆ, ಸಹಿ, ಎಲ್ಲ. ತಾಯಿ ಅಳಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಒಳಗೆ ಹೋಗಿ ಮಂಚದ ಕೆಳಗೆ ಬಗ್ಗಿ ನೋಡಿ ಬಂದಳು.

“ಬಾಗಿಲು ಒಡೆದ್ರಾ?”

“ಇಲ್ಲ.”

“ಮತ್ತೆ?”

“ನನ್ನ ಥರ ತಟ್ಟಿದ್ಲು. ನನ್ನ ಥರ ಕೂಗಿದ್ಲು. ನಾನಲ್ಲ ಕಣೇ, ಆಣೆ ಮಾಡಿ ಹೇಳ್ತೀನಿ.”

“ತಟ್ಟೋದನ್ನ ಕಲ್ಸಿದ್ದು ಯಾರು?”

ಬಾಗಿಲಕ್ಕ ತನ್ನ ಅಂಗೈ ನೋಡಿಕೊಂಡಳು.

“ನಾನು ಹೋಗೋ ಹೊತ್ತು, ಬರೋ ಹೊತ್ತು ಹೇಳಿದ್ದು ಯಾರು? ಬಚ್ಚಲಿಗೆ ಬೀಗ ಹಾಕು ಅಂದಿದ್ದು ಯಾರು? ನಾನು ಆ ಸಂಸ್ಥೆ ಗಿಂಸ್ಥೆ ಯಾವುದನ್ನೂ ನಂಬಿರ್ಲಿಲ್ಲ. ನನಗೆ ಅವರು ಯಾರು ಅಂತಾನೇ ಗೊತ್ತಿಲ್ಲ. ನಿನ್ನ ನಂಬಿದ್ದೆ.” ಇಷ್ಟು ಹೇಳಿ ತಾಯಿ ಹೊಸ್ತಿಲ ಹತ್ತಿರ ಬಿದ್ದಿದ್ದ ಸೌಟು ಎತ್ತಿಕೊಂಡಳು. ಆಮೇಲೆ ಬೇರೆಯವರ ಜೊತೆ ಮಾತಾಡುವ ಹಾಗೆ ಮಾತಾಡಿದಳು. “ಏಳಿ. ನೀವು ಹೋಗಿ ಇಲ್ಲಿಂದ.”

ಬಾಗಿಲು ಮುಚ್ಚಿತು. ಬಾಗಿಲಕ್ಕನ ಎದುರಿಗೆ ಆ ಓಣಿಯಲ್ಲಿ ಮುಚ್ಚಿದ ಮೊದಲ ಬಾಗಿಲು ಅದು. ಅವಳು ಅಲ್ಲೇ ನಿಂತು ಬಿಕ್ಕಿಬಿಕ್ಕಿ ಅತ್ತಳು. ಸಂಸ್ಥೆ ತನಗೆ ಮೋಸ ಮಾಡಿತು ಎಂದು ಅತ್ತಳು, ತನ್ನನ್ನೇ ಹಿಡಿದುಕೊಂಡು ಮೋಸ ಮಾಡಿತಲ್ಲ ಎಂದು ಇನ್ನೂ ಜೋರಾಗಿ ಅತ್ತಳು. ಅತ್ತು ಮುಗಿದ ಮೇಲೆ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಹಾಸಿಗೆ ಮೂವತ್ತು. ಹನ್ನೊಂದಕ್ಕೆ ಈಗ ಹನ್ನೆರಡು. ಇನ್ನು ಹದಿನೆಂಟು ಖಾಲಿ ಇದೆ. ಅವಳು ಮಾತು ಕೊಟ್ಟ ಮನೆ ಇನ್ನೂ ನಲವತ್ತಿವೆ.

ಬರಿಗಾಲಲ್ಲೇ ಹೊರಟಳು.

ಮೊದಲ ಮನೆ ಹೊಲಿಗೆಯವನದ್ದು. ಅವನ ಮಗ ಎರಡು ಸಲ ಮನೆ ಬಿಟ್ಟು ಓಡಿದವನು. ಅವಳು ತಟ್ಟಲಿಲ್ಲ, ಹೊರಗಿಂದಲೇ ಕರೆದಳು. ಒಳಗೆ ಹೆಂಡತಿಯ ದನಿ ಅರಳಿತು. “ಬಂದೆ ಅಕ್ಕಾ!” ಚಿಲಕದ ಸದ್ದಾಯಿತು. ಬಾಗಿಲಕ್ಕ ಬಾಗಿಲಿನ ಹಿಡಿ ಹಿಡಿದು ಹೊರಗಿಂದ ಎಳೆದು ಹಿಡಿದಳು.

“ತೆಗೀಬೇಡ. ಒಳಗಿಂದಾನೇ ಕೇಳು.”

“ಯಾಕಕ್ಕ? ಏನಾಯ್ತು?”

“ಇವತ್ತಿಂದ ನನ್ನ ದನಿ ಕೇಳಿ ಬಾಗಿಲು ತೆಗೀಬೇಡ. ಕಿಟಕಿಯಿಂದ ಮುಖ ನೋಡು. ಮುಖ ನಂದೇ ಆಗಿದ್ರೂ ಪಕ್ಕದಲ್ಲಿ ಯಾರಿದ್ದಾರೆ ನೋಡು.” ಬೆಳಿಗ್ಗೆ ನಡೆದದ್ದನ್ನು ಕದಕ್ಕೆ ಬಾಯಿಟ್ಟು ಹೇಳಿದಳು.

“ಅಕ್ಕಾ, ನಮಗೂ ಅದೇ ಬೀಗ ಕೊಟ್ಟಿದಾರೆ. ಕತ್ತರಿ ಇಡೋಕೆ. ನಾವು ಅಡಿಗೆ ಮಾಡೋ ಜಾಗಕ್ಕೇ ಹಾಕ್ಬಿಟ್ಟಿದೀವಿ. ಅದರದ್ದೂ ಫೋಟೊ ತಗೊಂಡಿದಾರೆ.”

ಬಾಗಿಲಕ್ಕನಿಗೆ ಸಾಹೇಬರ ಹಾಳೆ ನೆನಪಾಯಿತು. ನಾಳೆ ಆ ಫೋಟೊದ ಕೆಳಗೆ ಬರೆಯುತ್ತಾರೆ: ಮಗುವಿಗೆ ಊಟ ನಿರಾಕರಿಸುತ್ತಾರೆ.

ಮೂರು ದಿನ ಮನೆಮನೆ ತಿರುಗಿದಳು. ಕೆಲವರು ಬೈದರು, ಒಬ್ಬಳು ಕಿಟಕಿಯಿಂದ ನೀರು ಎರಚಿದಳು. ಬೇರೆಯವರು ಬೀಗ ತೋರಿಸಿದರು. ಒಟ್ಟು ಹದಿಮೂರು ಬೀಗ, ಒಂದೇ ಡಬ್ಬದವು. ಬೀರು ಇಲ್ಲದ ಮನೆಗಳಲ್ಲಿ ಎಲ್ಲರೂ ಅದನ್ನು ಕದವಿರುವ ಒಂದೇ ಜಾಗಕ್ಕೆ ಹಾಕಿದ್ದರು. ಹೊಲಿಗೆಯವನ ಹೆಂಡತಿ ತನ್ನ ಕೀಲಿಯನ್ನು ಪಕ್ಕದ ಮನೆಯ ಬೀಗಕ್ಕೆ ಹಾಕಿ ನೋಡಿದಳು. ಬೀಗ ತೆರೆಯಿತು. ಇನ್ನೊಂದಕ್ಕೆ ಹಾಕಿದಳು, ಅದೂ ತೆರೆಯಿತು. ಅಗ್ಗದ ಮಾಲು. ಒಂದೇ ಕೀಲಿಗೆ ಹದಿಮೂರೂ ಬಾಯಿ ಬಿಟ್ಟವು.

“ಇವರ ಸುರಕ್ಷತೆ ನೋಡು!” ಎಂದು ಹೆಂಗಸರು ಸಿಟ್ಟಿನಲ್ಲೇ ನಕ್ಕರು. ವಿಚಾರಣೆಯ ದಿನ ಹದಿಮೂರು ಜನವೂ ಬರುತ್ತೇವೆ, ಬೀಗಗಳನ್ನು ಅಧಿಕಾರಿಯ ಮೇಜಿನ ಮೇಲೆ ಸಾಲಾಗಿ ಇಟ್ಟು ಒಂದೇ ಕೀಲಿಯಿಂದ ತೆಗೆದು ತೋರಿಸುತ್ತೇವೆ ಎಂದರು. ಅದೇ ವಾರ ವ್ಯಾನು ಮತ್ತೆ ಓಣಿಗೆ ಬಂತು. 
ಮೇಡಂ ಐದು ಬಾಗಿಲು ತಟ್ಟಿದಳು. ಎಷ್ಟು ಚೆನ್ನಾಗಿ ತಟ್ಟಿದರೂ ಒಂದೂ ತೆರೆಯಲಿಲ್ಲ.

ಹದಿನೈದನೆಯ ದಿನ ಸಂಜೆ ಬಾಗಿಲಕ್ಕ ಬಸ್ಸು ತೊಳೆಯುವವಳ ಮನೆಗೆ ಹೋದಳು. ಹೊಸ್ತಿಲಿಂದ ಎರಡು ಹೆಜ್ಜೆ ದೂರದಲ್ಲೇ ನಿಂತಳು. ಒಳಗೆ ಪಾತ್ರೆಯ ಸದ್ದು ಕೇಳುತ್ತಿತ್ತು.

“ಬಾಗಿಲು ತೆಗಿ ಅಂತ ಕೇಳೋಕೆ ಬಂದಿಲ್ಲ” ಎಂದಳು. “ನಾಳೆ ಹತ್ತು ಗಂಟೆಗೆ ವಿಚಾರಣೆ. ಬೀಗದ ವಿಷ್ಯ ಹೇಳೋಕೆ ಹದಿಮೂರು ಜನ ಬರ್ತಿದಾರೆ. ಮೊದಲು ನಾನು ಹೇಳ್ತೀನಿ. ಬಚ್ಚಲಿಗೆ ಹಾಕು ಅಂದಿದ್ದು ನಾನೇ, ತಪ್ಪಾಗಿದ್ರೆ ನನ್ನ ಒಳಗೆ ಹಾಕಿ, ಮಗೂನ ಮನೆಗೆ ಕಳ್ಸಿ ಅಂತೀನಿ.”

ಪಾತ್ರೆಯ ಸದ್ದು ನಿಂತಿತು. ಆಮೇಲೆ ಕದದ ಹಿಂದೆಯೇ ತಾಯಿಯ ದನಿ ಕೇಳಿತು, ಅಲ್ಲೇ ನಿಂತು ಕೇಳುತ್ತಿದ್ದಳೋ ಏನೋ.

“ಭಾನುವಾರ ನೋಡೋಕೆ ಬಿಟ್ಟಿದ್ರು. ಅಲ್ಲೂ ಮಂಚದ ಕೆಳಗೇ ಇದಾಳೆ. ನಾನು ಕರೆದ್ರೂ ಬರ್ಲಿಲ್ಲ. ನನ್ನ ದನೀನೂ ನಂಬ್ತಿಲ್ಲ.”

ಬಾಗಿಲಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು.

“ನಾಳೆ ನೀವು ಮುಂದೆ ನಡೀರಿ” ಎಂದಳು ತಾಯಿ. “ನಾನು ಜೊತೆಗೆ ಬರಲ್ಲ. ಹಿಂದೆ ಬರ್ತೀನಿ. ಅಲ್ಲಿ ಹೋಗಿ ನೀವು ಏನ್ ಹೇಳ್ತೀರೋ ಅದನ್ನ ನಾನು ನಿಂತು ಕೇಳ್ಬೇಕು.”

“ಕೇಳು” ಎಂದಳು ಬಾಗಿಲಕ್ಕ. “ಒಂದು ಮಾತು ತಪ್ಪಿದ್ರೂ ಅಲ್ಲೇ, ಎಲ್ಲರ ಎದುರಿಗೇ, ನನ್ನ ಕಪಾಳಕ್ಕೆ ಹೊಡಿ.”

“ಹೊಡೀತೀನಿ” ಎಂದಿತು ಒಳಗಿನ ದನಿ.